ಕುತ್ತಿಗೆಯ ಫ್ಯೂಷನ್ ಶಸ್ತ್ರಚಿಕಿತ್ಸೆಯ ನಂತರ ಅಕ್ಕಪಕ್ಕದ ಡಿಸ್ಕ್‌ಗಳಿಗೆ ಏನಾಗುತ್ತದೆ?

ಕುತ್ತಿಗೆಯ ಡಿಸ್ಕ್ ಜಾರಿ ನರ ಒತ್ತಿದೆ, ಆ ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಬೆಸೆಯಬೇಕು ಎಂದು ವೈದ್ಯರು ಹೇಳಿದ್ದಾರೆಯೇ? ಅಥವಾ ಆ ಶಸ್ತ್ರಚಿಕಿತ್ಸೆ ಆಗಿ ಕೆಲವು ವರ್ಷಗಳ ನಂತರ ಕೈಯಲ್ಲಿ ಮತ್ತೆ ಜೋಮು ಶುರುವಾಗಿದೆಯೇ? ಎರಡೂ ಸಂದರ್ಭಗಳಲ್ಲಿ ರೋಗಿಗಳನ್ನು ಕಾಡುವ ಪ್ರಶ್ನೆ ಒಂದೇ: ಒಂದು ಕಡೆ ಬೆಸೆದರೆ ಪಕ್ಕದ ಡಿಸ್ಕ್ ಹಾಳಾಗುತ್ತದೆಯೇ, ಇನ್ನೊಂದು ಆಪರೇಷನ್ ಬೇಕಾಗುತ್ತದೆಯೇ?

ಮುಖ್ಯಾಂಶಗಳು

• ಫ್ಯೂಷನ್ ಆದ ಭಾಗದ ಮೇಲಿನ ಮತ್ತು ಕೆಳಗಿನ ಡಿಸ್ಕ್‌ಗಳ ಮೇಲೆ ಹೊರೆ ಹೆಚ್ಚುತ್ತದೆ. ವಯಸ್ಸಿನಿಂದ ಆಗುವ ಸವೆತವೂ ಇದರೊಂದಿಗೆ ಸೇರಿಕೊಳ್ಳುತ್ತದೆ.
• ಸ್ಕ್ಯಾನ್‌ನಲ್ಲಿ ಕಾಣುವ ಸವೆತವೇ ಬೇರೆ, ತೊಂದರೆ ಕೊಡುವ ಕಾಯಿಲೆಯೇ ಬೇರೆ. ಸವೆತ ಕಂಡವರಲ್ಲಿ ಅನೇಕರಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ.
• ಕೈಯ ಬಲ ಕಡಿಮೆಯಾಗುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು ಕಂಡರೆ ಕಾಯಬೇಡಿ.

ಫ್ಯೂಷನ್ ಎಂದರೆ ಏನು?

ಕುತ್ತಿಗೆಯಲ್ಲಿ ಬೆನ್ನೆಲುಬಿನ ಏಳು ಮಣಿಗಳಿವೆ. ಇವುಗಳನ್ನು ಸಿ1ರಿಂದ ಸಿ7ರವರೆಗೆ ಗುರುತಿಸುತ್ತಾರೆ. ಮೊದಲ ಎರಡು ಮಣಿಗಳ ನಡುವೆ ಡಿಸ್ಕ್ ಇಲ್ಲ. ಸಿ2ರ ಕೆಳಗಿನಿಂದ ಪ್ರತಿ ಎರಡು ಮಣಿಗಳ ನಡುವೆ ಒಂದೊಂದು ಡಿಸ್ಕ್ ಇರುತ್ತದೆ. ಒಳಗೆ ಮೆತ್ತಗಿದ್ದು ಹೊರಗೆ ಗಟ್ಟಿ ನಾರಿನ ಸುತ್ತು ಇರುವ ಈ ಡಿಸ್ಕ್ ತಲೆಯ ಭಾರವನ್ನು ತಾಳಿಕೊಳ್ಳುತ್ತದೆ, ಕುತ್ತಿಗೆ ಬಾಗಲು ಮತ್ತು ತಿರುಗಲು ಎಡೆ ಮಾಡಿಕೊಡುತ್ತದೆ.

ಡಿಸ್ಕ್ ಉಬ್ಬಿದರೆ ಅಥವಾ ಅದರ ಅಂಚಿನಲ್ಲಿ ಮೂಳೆ ಬೆಳೆದರೆ ಕೈಗೆ ಹೋಗುವ ನರದ ಬೇರು ಒತ್ತಿಹೋಗಬಹುದು. ಕೆಲವರಲ್ಲಿ ಬೆನ್ನುಹುರಿಯೇ ಒತ್ತಿಹೋಗುತ್ತದೆ. ಔಷಧ, ಫಿಸಿಯೋಥೆರಪಿಯಿಂದ ಗುಣ ಕಾಣದಿದ್ದಾಗ ಅಥವಾ ಬೆನ್ನುಹುರಿಗೆ ಅಪಾಯ ಇದ್ದಾಗ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎಸಿಡಿಎಫ್ ಎಂಬ ವಿಧಾನ. ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ಗಾಯ ಮಾಡಿ, ಹಾಳಾದ ಡಿಸ್ಕ್ ಪೂರ್ತಿ ತೆಗೆದು, ಆ ಜಾಗದಲ್ಲಿ ಮೂಳೆಯ ತುಂಡು ಅಥವಾ ಕೇಜ್ ಇಟ್ಟು, ಹೆಚ್ಚಾಗಿ ಪ್ಲೇಟ್ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ಮುಂದಿನ ತಿಂಗಳುಗಳಲ್ಲಿ ಮೇಲಿನ ಮತ್ತು ಕೆಳಗಿನ ಮಣಿಗಳು ಬೆಸೆದು ಒಂದೇ ಮೂಳೆಯಾಗುತ್ತವೆ. 1950ರ ದಶಕದಲ್ಲಿ ಅಮೆರಿಕದ ರಾಬಿನ್ಸನ್, ಸ್ಮಿತ್ ಮತ್ತು ಕ್ಲೋವರ್ಡ್ ಎಂಬ ಶಸ್ತ್ರವೈದ್ಯರು ರೂಪಿಸಿದ ವಿಧಾನಗಳೇ ಇಂದಿಗೂ ಇದರ ಅಡಿಪಾಯ.

ಕೈಗೆ ಇಳಿಯುವ ನೋವಿಗೆ ಇದು ಒಳ್ಳೆಯ ಫಲ ಕೊಡುವ ಶಸ್ತ್ರಚಿಕಿತ್ಸೆ. ಒಂದು ಹಂತದ ಫ್ಯೂಷನ್ ಆದವರಿಗೆ ಕುತ್ತಿಗೆ ತಿರುಗಿಸುವುದರಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ತಲೆಯನ್ನು ಎಡಬಲಕ್ಕೆ ತಿರುಗಿಸುವ ಚಲನೆಯ ಸುಮಾರು ಅರ್ಧ ಭಾಗ ಆಗುವುದು ಎಲ್ಲಕ್ಕಿಂತ ಮೇಲಿನ ಎರಡು ಮಣಿಗಳ ನಡುವೆ. ಅಲ್ಲಿ ಫ್ಯೂಷನ್ ಮಾಡುವುದು ಅಪರೂಪ.

ಪಕ್ಕದ ಡಿಸ್ಕ್‌ಗೆ ಹೊರೆ ಏಕೆ?

ಐದು ಜನ ಹೊರುತ್ತಿದ್ದ ಭಾರದಿಂದ ಒಬ್ಬ ಕೈಬಿಟ್ಟರೆ ಪಕ್ಕದವರ ಹೆಗಲ ಮೇಲೆ ಅದು ಬೀಳುತ್ತದೆ. ಇಲ್ಲೂ ಹಾಗೆಯೇ. ಬೆಸೆದ ಜಾಗದಲ್ಲಿ ಚಲನೆ ನಿಂತಿದ್ದರೂ ನೀವು ಮೊದಲಿನಷ್ಟೇ ಕೆಳಗೆ ನೋಡುತ್ತೀರಿ, ಮೊದಲಿನಷ್ಟೇ ಹಿಂದೆ ತಿರುಗುತ್ತೀರಿ. ಆ ಚಲನೆಯನ್ನು ಉಳಿದ ಕೀಲುಗಳು, ಅದರಲ್ಲೂ ಅಂಟಿಕೊಂಡಿರುವ ಎರಡು ಕೀಲುಗಳು ತುಂಬಿಕೊಡಬೇಕಾಗುತ್ತದೆ.

ಇದನ್ನು ಅಳೆದೂ ನೋಡಿದ್ದಾರೆ. ಮೃತದೇಹಗಳಿಂದ ಪಡೆದ ಬೆನ್ನೆಲುಬಿನ ಮೇಲೆ ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಿ5–ಸಿ6 ಬಿಗಿದ ಮೇಲೆ ಕುತ್ತಿಗೆಯನ್ನು ಮುಂದಕ್ಕೆ ಬಾಗಿಸಿದಾಗ ಮೇಲಿನ ಡಿಸ್ಕ್‌ನ ಒಳ ಒತ್ತಡ ಸುಮಾರು 73%, ಕೆಳಗಿನ ಡಿಸ್ಕ್‌ನದು ಸುಮಾರು 45% ಹೆಚ್ಚಿತು. ಜೀವಂತ ದೇಹದಲ್ಲಿ ಸ್ನಾಯುಗಳ ಆಸರೆ ಇರುತ್ತದೆ. ಮನುಷ್ಯನೂ ತನ್ನ ಚಲನೆಯನ್ನು ಹೊಂದಿಸಿಕೊಳ್ಳುತ್ತಾನೆ. ಆದ್ದರಿಂದ ಈ ಅಂಕಿಗಳು ಹಾಗೆಯೇ ನಿಮಗೆ ಅನ್ವಯಿಸುವುದಿಲ್ಲ. ಆದರೆ ಹೊರೆ ಯಾವ ಕಡೆಗೆ ಸರಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಫ್ಯೂಷನ್ ತಪ್ಪೋ, ವಯಸ್ಸಿನ ತಪ್ಪೋ?

ತಜ್ಞರ ನಡುವೆ ಬಹುಕಾಲದಿಂದ ಚರ್ಚೆಯಲ್ಲಿರುವ ವಿಷಯವಿದು. ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಳ್ಳದವರ ಡಿಸ್ಕ್‌ಗಳೂ ಸವೆಯುತ್ತವೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 497 ಜನರ ಕುತ್ತಿಗೆಯ ಎಂಆರ್‌ಐ ಮಾಡಿ ನೋಡಿದಾಗ, 60 ವರ್ಷ ದಾಟಿದವರ ಡಿಸ್ಕ್‌ಗಳಲ್ಲಿ ಶೇಕಡ 85ಕ್ಕಿಂತ ಹೆಚ್ಚಿನವುಗಳಲ್ಲಿ ಸವೆತ ಕಂಡಿತು. ಇಪ್ಪತ್ತರ ಹರೆಯದವರಲ್ಲೂ ಗಂಡಸರ ಡಿಸ್ಕ್‌ಗಳಲ್ಲಿ ಶೇಕಡ 17, ಹೆಂಗಸರ ಡಿಸ್ಕ್‌ಗಳಲ್ಲಿ ಶೇಕಡ 12 ಸವೆದಿದ್ದವು. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು.

ಹಾಗಾದರೆ ಫ್ಯೂಷನ್‌ನ ಪಾಲು ಏನೂ ಇಲ್ಲವೇ? ಇದೆ. ಜಪಾನಿನ ಸಂಶೋಧಕರೇ 2010ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಎಸಿಡಿಎಫ್ ಆದ 64 ಜನರನ್ನೂ, ತೊಂದರೆ ಇಲ್ಲದ 201 ಜನರನ್ನೂ ಹತ್ತು ವರ್ಷಕ್ಕೂ ಮಿಕ್ಕಿ ಎಂಆರ್‌ಐ ಮೂಲಕ ಹೋಲಿಸಿದರು. ಎರಡೂ ಗುಂಪುಗಳಲ್ಲಿ ಸವೆತ ಮುಂದುವರಿದಿತ್ತು. ಫ್ಯೂಷನ್ ಆದವರಲ್ಲಿ ಪಕ್ಕದ ಡಿಸ್ಕ್‌ಗಳ ಸವೆತ ಹೆಚ್ಚಾಗಿತ್ತು. ಸವೆಯುವ ಸ್ವಭಾವ ಮೊದಲೇ ಇರುತ್ತದೆ, ಫ್ಯೂಷನ್ ಅದನ್ನು ಸ್ವಲ್ಪ ಬೇಗ ಮಾಡಬಲ್ಲದು ಎಂದು ಅರ್ಥಮಾಡಿಕೊಳ್ಳಬಹುದು.

ಎಷ್ಟು ಜನರಿಗೆ ತೊಂದರೆಯಾಗುತ್ತದೆ?

ಅಂಕಿಅಂಶ ನೋಡುವ ಮುನ್ನ ಮೂರು ವಿಷಯಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ: ಸ್ಕ್ಯಾನ್‌ನಲ್ಲಿ ಮಾತ್ರ ಕಾಣುವ ಸವೆತ, ನೋವು ಅಥವಾ ಜೋಮು ತರುವ ಕಾಯಿಲೆ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸ್ಥಿತಿ. ಕುತ್ತಿಗೆ ಶಸ್ತ್ರಚಿಕಿತ್ಸೆಯ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸುಮಾರು 28% ಜನರ ಸ್ಕ್ಯಾನ್‌ನಲ್ಲಿ ಪಕ್ಕದ ಹಂತದ ಸವೆತ ಕಂಡಿತ್ತು. ಲಕ್ಷಣಗಳಿದ್ದವರು ಸುಮಾರು 13%. ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಸುಮಾರು 6%.

ಇಂಟರ್‌ನೆಟ್‌ನಲ್ಲಿ ನೀವು ಹೆಚ್ಚಾಗಿ ನೋಡುವ "ನಾಲ್ವರಲ್ಲಿ ಒಬ್ಬರಿಗೆ" ಎಂಬ ಮಾತು 1999ರ ಅಮೆರಿಕದ ಒಂದು ಅಧ್ಯಯನದ್ದು. 374 ರೋಗಿಗಳನ್ನು ಗಮನಿಸಿದ ಆ ವೈದ್ಯರು, ವರ್ಷಕ್ಕೆ ಸರಾಸರಿ 2.9% ಜನರಿಗೆ ಪಕ್ಕದ ಹಂತದಲ್ಲಿ ಹೊಸ ಲಕ್ಷಣಗಳು ಬರುತ್ತವೆ, ಹತ್ತು ವರ್ಷಗಳಲ್ಲಿ ಇದು ಸುಮಾರು 25.6% ಆಗಬಹುದು ಎಂದು ಲೆಕ್ಕ ಹಾಕಿದರು. ಇದರಲ್ಲಿ ಎಣಿಕೆಯಾದದ್ದು ಹೊಸ ಲಕ್ಷಣಗಳು ಬಂದವರು. ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಆಪರೇಷನ್ ಎಂದು ಇದನ್ನು ಓದಬೇಡಿ. ಆದರೆ ಹೊಸ ಕಾಯಿಲೆ ಬಂದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನರಿಗೆ ಕೊನೆಗೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು ಎಂಬುದನ್ನೂ ಅದೇ ಅಧ್ಯಯನ ಹೇಳಿದೆ. ಆದ್ದರಿಂದ ಲಕ್ಷಣ ಕಂಡಾಗ ಕಡೆಗಣಿಸುವುದೂ ಸರಿಯಲ್ಲ.

ಯಾರಿಗೆ ಅಪಾಯ ಹೆಚ್ಚು?

• ಶಸ್ತ್ರಚಿಕಿತ್ಸೆಯ ಹೊತ್ತಿಗಾಗಲೇ ಪಕ್ಕದ ಡಿಸ್ಕ್ ಸವೆದಿದ್ದವರಿಗೆ. ಮೊದಲ ಎಂಆರ್‌ಐ ವರದಿ ಇಲ್ಲಿ ತುಂಬ ಉಪಯುಕ್ತ.
• ಸಿ5–ಸಿ6 ಅಥವಾ ಸಿ6–ಸಿ7 ಡಿಸ್ಕ್ ಫ್ಯೂಷನ್‌ನ ಪಕ್ಕದಲ್ಲಿ ಉಳಿದುಕೊಂಡವರಿಗೆ. ಕುತ್ತಿಗೆಯಲ್ಲಿ ಅತಿ ಹೆಚ್ಚು ಸವೆಯುವುದು ಈ ಎರಡು ಹಂತಗಳೇ. 1999ರ ಅಧ್ಯಯನದಲ್ಲಿ, ಹೆಚ್ಚು ಹಂತ ಬೆಸೆದವರಿಗಿಂತ ಒಂದೇ ಹಂತ ಬೆಸೆದವರಿಗೆ ಹೊಸ ತೊಂದರೆ ಹೆಚ್ಚಾಗಿ ಬಂದದ್ದಕ್ಕೆ ಇದನ್ನೇ ಕಾರಣವಾಗಿ ಕೊಟ್ಟಿದ್ದಾರೆ: ಬಹುಹಂತದ ಫ್ಯೂಷನ್‌ನಲ್ಲಿ ಈ ಎರಡು ಡಿಸ್ಕ್‌ಗಳೂ ಹೆಚ್ಚಾಗಿ ಸೇರಿಹೋಗಿರುತ್ತವೆ.
• ಕುತ್ತಿಗೆಯ ಸಹಜ ಒಳಬಾಗು ಕಳೆದುಹೋಗಿ, ನೆಟ್ಟಗೆ ಅಥವಾ ಮುಂದಕ್ಕೆ ಬಾಗಿದ ಸ್ಥಿತಿಯಲ್ಲಿ ಮೂಳೆ ಬೆಸೆದುಕೊಂಡವರಿಗೆ.
• ಪ್ಲೇಟ್‌ನ ತುದಿ ಪಕ್ಕದ ಡಿಸ್ಕ್‌ಗೆ ತೀರ ಹತ್ತಿರ ಇರುವವರಿಗೆ. ಅಂತರ 5 ಮಿಲಿಮೀಟರ್‌ಗಿಂತ ಕಡಿಮೆ ಇದ್ದಾಗ ಆ ಡಿಸ್ಕ್‌ನ ಮುಂದೆ ಮೂಳೆ ಬೆಳೆಯುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ.
• ಧೂಮಪಾನಿಗಳಿಗೆ. ತಂಬಾಕು ಮೂಳೆ ಬೆಸೆಯುವುದನ್ನು ತಡೆಯುತ್ತದೆ, ಡಿಸ್ಕ್‌ಗೆ ಸಿಗುವ ಪೋಷಣೆಯನ್ನೂ ಕಡಿಮೆ ಮಾಡುತ್ತದೆ.

ಇವುಗಳಲ್ಲಿ ಹೆಚ್ಚಿನವು ನಿಮ್ಮ ಕೈಯಲ್ಲಿಲ್ಲ. ಪಕ್ಕದ ಡಿಸ್ಕ್ ಸವೆದರೆ "ನಾನೇ ಏನೋ ತಪ್ಪು ಮಾಡಿಕೊಂಡೆ" ಎಂದು ಕೊರಗಬೇಕಾಗಿಲ್ಲ.

ಲಕ್ಷಣಗಳು: ಹಳೆಯ ನೋವೋ, ಹೊಸ ನೋವೋ?

ಪಕ್ಕದ ಹಂತದ ಕಾಯಿಲೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರ ಕೆಲಕಾಲ ಚೆನ್ನಾಗಿದ್ದು, ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಮೊದಲ ಕೆಲವು ವಾರಗಳ ಕುತ್ತಿಗೆ ನೋವು, ಭುಜದ ಹಲಗೆಗಳ ನಡುವಿನ ನೋವು ಬಹುತೇಕ ಗಾಯ ಮಾಯುವ ಹಂತದ್ದು.

ನೋವು ಎಲ್ಲಿಗೆ ಇಳಿಯುತ್ತದೆ ಎಂಬುದು ಒಳ್ಳೆಯ ಸುಳಿವು. ಸಿ5–ಸಿ6 ಡಿಸ್ಕ್ ಒತ್ತುವುದು ಸಿ6 ನರವನ್ನು, ಆಗ ಹೆಬ್ಬೆರಳಿನ ಕಡೆ ಜೋಮು ಬರುತ್ತದೆ. ಅದರ ಕೆಳಗಿನ ಡಿಸ್ಕ್ ಕೆಟ್ಟರೆ ಸಿ7 ನರ: ಜೋಮು ನಡುಬೆರಳಿಗೆ, ಮೊಣಕೈ ನೀಡಿ ತಳ್ಳುವ ಬಲ ಕಡಿಮೆ. ಮೇಲಿನ ಡಿಸ್ಕ್ ಕೆಟ್ಟರೆ ಸಿ5 ನರ: ಭುಜದ ಹೊರಬದಿಯಲ್ಲಿ ನೋವು, ತೋಳನ್ನು ಪಕ್ಕಕ್ಕೆ ಎತ್ತಲು ಕಷ್ಟ. ಅಂದರೆ ಸಿ5–ಸಿ6 ಫ್ಯೂಷನ್ ಆದ ನಿಮಗೆ ಮೊದಲು ಹೆಬ್ಬೆರಳಿನಲ್ಲಿದ್ದ ಜೋಮು ಈಗ ನಡುಬೆರಳಿನಲ್ಲಿದ್ದರೆ, ಅದನ್ನು ವೈದ್ಯರಿಗೆ ಹಾಗೆಯೇ ಹೇಳಿ. ನರಗಳ ಹಂಚಿಕೆ ಒಬ್ಬರಿಂದ ಒಬ್ಬರಿಗೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಬೆರಳು ನೋಡಿ ನೀವೇ ರೋಗ ತೀರ್ಮಾನಿಸಬೇಡಿ.

ಬೆನ್ನುಹುರಿಯ ಒತ್ತಡ ಇನ್ನೂ ಗಂಭೀರ, ಮತ್ತು ಅದು ನೋವಿಲ್ಲದೆಯೇ ಬರಬಹುದು. ಅಂಗಿಯ ಗುಂಡಿ ಹಾಕಲು, ಸೀರೆಗೆ ಪಿನ್ನು ಚುಚ್ಚಲು, ಅನ್ನ ಕಲಸಿ ತುತ್ತು ಮಾಡಲು ಬೆರಳುಗಳು ಮಾತು ಕೇಳುವುದಿಲ್ಲ. ಕೈಯಿಂದ ಲೋಟ ಜಾರುತ್ತದೆ. ಕಾಲು ಬಿಗಿಯಾಗುತ್ತದೆ, ಕತ್ತಲಲ್ಲಿ ನಡೆಯುವಾಗ ತೂರಾಡುವಂತಾಗುತ್ತದೆ, ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗುವುದಿಲ್ಲ. ಮನೆಯವರು ಇದನ್ನೆಲ್ಲ "ವಯಸ್ಸಾಯಿತು" ಎಂದು ಬಿಟ್ಟುಬಿಡುವುದೇ ಹೆಚ್ಚು. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು: ಮುಷ್ಟಿ ಬಿಗಿದು ಪೂರ್ತಿ ಬಿಚ್ಚುವುದನ್ನು ವೇಗವಾಗಿ ಮಾಡಿ. ಸಾಮಾನ್ಯವಾಗಿ 10 ಸೆಕೆಂಡುಗಳಲ್ಲಿ 20 ಸಲ ಆಗುತ್ತದೆ. ಸಂಖ್ಯೆ ತೀರ ಕಡಿಮೆಯಿದ್ದರೆ ಅಥವಾ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಕೈಯಲ್ಲಿ ಸಂಧಿವಾತ ಇರುವವರಿಗೆ ಈ ಪರೀಕ್ಷೆ ಸರಿಯಾಗಿ ಹೊಂದುವುದಿಲ್ಲ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

• ಕೈ ಅಥವಾ ಕಾಲಿನ ಬಲ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ
• ನಡಿಗೆ ಹೊಸದಾಗಿ ಅಸ್ಥಿರವಾದರೆ
• ಮೂತ್ರ, ಮಲದ ಮೇಲಿನ ಹಿಡಿತ ತಪ್ಪಿದರೆ
• ಬಿದ್ದ ನಂತರ ಅಥವಾ ಅಪಘಾತದ ನಂತರ ಕುತ್ತಿಗೆ ನೋವಿನೊಂದಿಗೆ ಕೈಕಾಲು ಮರಗಟ್ಟಿದರೆ
• ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಕುತ್ತಿಗೆ ಊದಿ ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ
• ಜ್ವರದೊಂದಿಗೆ ಗಾಯದಿಂದ ಕೀವು ಬಂದರೆ

ಪತ್ತೆ ಮಾಡುವುದು ಹೇಗೆ?

ಮೊದಲು ವೈದ್ಯರು ಕೈಕಾಲುಗಳ ಬಲ, ಸ್ಪರ್ಶ ಮತ್ತು ನರಗಳ ಪ್ರತಿಕ್ರಿಯೆಯನ್ನು ಪರೀಕ್ಷಿಸುತ್ತಾರೆ. ಕುತ್ತಿಗೆಯನ್ನು ಮುಂದೆ ಹಿಂದೆ ಬಾಗಿಸಿ ತೆಗೆದ ಎಕ್ಸ್‌ರೇ ಚಲನೆಯನ್ನೂ ಮೂಳೆಗಳ ಸಾಲನ್ನೂ ತೋರಿಸುತ್ತದೆ. ನರ ಮತ್ತು ಬೆನ್ನುಹುರಿ ನೋಡಲು ಎಂಆರ್‌ಐ ಬೇಕು. ಇಂದಿನ ಟೈಟಾನಿಯಂ ಪ್ಲೇಟ್‌ಗಳಿದ್ದರೂ ಸಾಮಾನ್ಯವಾಗಿ ಎಂಆರ್‌ಐ ಮಾಡಬಹುದು. ಆದರೆ ಒಳಗೆ ಲೋಹ ಇದೆ ಎಂದು ಮೊದಲೇ ತಿಳಿಸಲೇಬೇಕು. ಹಳೆಯ ಜಾಗದಲ್ಲಿ ಮೂಳೆ ನಿಜವಾಗಿ ಬೆಸೆದಿದೆಯೇ ಎಂದು ನೋಡಲು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ಏಕೆಂದರೆ ಬೆಸೆಯದೆ ಉಳಿದ ಫ್ಯೂಷನ್ ಕೂಡ ಮತ್ತೆ ನೋವು ಬರಲು ಕಾರಣ.

ಎಲ್ಲ ಜೋಮಿಗೂ ಕುತ್ತಿಗೆ ಕಾರಣವಲ್ಲ. ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್, ಸಕ್ಕರೆ ಕಾಯಿಲೆಯ ನರ ತೊಂದರೆ, ಭುಜದ ಕೀಲಿನ ಬಿಗಿತ, ವಿಟಮಿನ್ ಬಿ12 ಕೊರತೆ ಇವೆಲ್ಲ ಹೀಗೆಯೇ ಕಾಣಬಹುದು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಇನ್ನೊಂದು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಇವುಗಳನ್ನು ನೋಡಿದ್ದಾರೆಯೇ ಎಂದು ಕೇಳಿ.

ಚಿಕಿತ್ಸೆ ಏನು?

ಬಲ ಕಡಿಮೆಯಾಗದೆ ನೋವು ಮತ್ತು ಜೋಮು ಮಾತ್ರ ಇದ್ದರೆ ಮೊದಲು ಶಸ್ತ್ರಚಿಕಿತ್ಸೆ ಇಲ್ಲದ ದಾರಿಯನ್ನೇ ಹಿಡಿಯುತ್ತಾರೆ: ನೋವು ಮತ್ತು ನರದ ಔಷಧಗಳು, ಫಿಸಿಯೋಥೆರಪಿ, ಕೆಲಸದ ಭಂಗಿಯಲ್ಲಿ ಬದಲಾವಣೆ, ಕೆಲವರಿಗೆ ನರದ ಬೇರಿನ ಬಳಿ ಸ್ಟೀರಾಯ್ಡ್ ಇಂಜೆಕ್ಷನ್. ಅನೇಕರಿಗೆ ಕೆಲವು ವಾರಗಳಲ್ಲಿ ಉಪಶಮನ ಸಿಗುತ್ತದೆ. ಕಾಲರ್ ಅನ್ನು ನಿಮ್ಮಷ್ಟಕ್ಕೇ ತಿಂಗಳುಗಟ್ಟಲೆ ಹಾಕಿಕೊಳ್ಳಬೇಡಿ. ಕುತ್ತಿಗೆಯ ಸ್ನಾಯುಗಳು ಸೊರಗುತ್ತವೆ.

ಬಲ ಕುಂದುತ್ತಿದ್ದರೆ, ಬೆನ್ನುಹುರಿ ಒತ್ತುತ್ತಿದ್ದರೆ ಅಥವಾ ನೋವು ತಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಫ್ಯೂಷನ್ ಅನ್ನು ಪಕ್ಕದ ಹಂತಕ್ಕೂ ವಿಸ್ತರಿಸಬಹುದು. ಒಂದು ಬದಿಯ ನರ ಮಾತ್ರ ಒತ್ತಿದ್ದರೆ ಕುತ್ತಿಗೆಯ ಹಿಂಭಾಗದಿಂದ ನರದ ದಾರಿಯನ್ನು ಅಗಲ ಮಾಡಬಹುದು, ಇದಕ್ಕೆ ಬೆಸೆಯುವ ಅಗತ್ಯವಿಲ್ಲ. ಹಲವು ಹಂತಗಳಲ್ಲಿ ಬೆನ್ನುಹುರಿ ಇಕ್ಕಟ್ಟಾಗಿದ್ದರೆ ಹಿಂಭಾಗದ ಶಸ್ತ್ರಚಿಕಿತ್ಸೆಗಳಿವೆ. ಮುಂಭಾಗದಿಂದಲೇ ಎರಡನೇ ಸಲ ಹೋಗುವಾಗ ಹಳೆಯ ಗಾಯದ ಗಂಟುಗಳಿಂದ ಧ್ವನಿಯ ನರ ಮತ್ತು ಅನ್ನನಾಳಕ್ಕೆ ಅಪಾಯ ಸ್ವಲ್ಪ ಹೆಚ್ಚು. ಅದಕ್ಕೇ ಧ್ವನಿಪೆಟ್ಟಿಗೆಯನ್ನು ಮೊದಲೇ ಪರೀಕ್ಷಿಸುವುದು ರೂಢಿ.

ಕೃತಕ ಡಿಸ್ಕ್ ಒಳ್ಳೆಯದಲ್ಲವೇ?

ಚಲನೆ ಉಳಿದರೆ ಪಕ್ಕದ ಡಿಸ್ಕ್‌ಗೆ ಹೊರೆ ಬೀಳದು ಎಂಬ ಯೋಚನೆಯಿಂದಲೇ ಕೃತಕ ಡಿಸ್ಕ್ ಬಂದಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕುತ್ತಿಗೆಯ ಕೃತಕ ಡಿಸ್ಕ್‌ಗೆ ಮೊದಲು ಒಪ್ಪಿಗೆ ಕೊಟ್ಟದ್ದು 2007ರಲ್ಲಿ. ಭಾರತದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲೂ ಇದು ಲಭ್ಯ. ದೀರ್ಘಕಾಲದ ಹಲವು ಅಧ್ಯಯನಗಳಲ್ಲಿ, ಫ್ಯೂಷನ್‌ಗೆ ಹೋಲಿಸಿದರೆ ಕೃತಕ ಡಿಸ್ಕ್ ಹಾಕಿದವರಲ್ಲಿ ಎರಡನೇ ಶಸ್ತ್ರಚಿಕಿತ್ಸೆ ಕಡಿಮೆ. ಪಕ್ಕದ ಡಿಸ್ಕ್‌ನ ಸವೆತವನ್ನೇ ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದರಲ್ಲಿ ಫಲಿತಾಂಶಗಳು ಒಂದೇ ರೀತಿ ಇಲ್ಲ. ಕೆಲವರಲ್ಲಿ ಕೃತಕ ಡಿಸ್ಕ್ ಸುತ್ತ ಮೂಳೆ ಬೆಳೆದು ಅದರ ಚಲನೆಯೂ ನಿಂತುಹೋಗುತ್ತದೆ.

ಮೂಳೆ ಟೊಳ್ಳಾದವರಿಗೆ, ಕುತ್ತಿಗೆಯ ಹಿಂಭಾಗದ ಕೀಲುಗಳು ತೀರ ಸವೆದವರಿಗೆ, ಮಣಿಗಳು ಅಸ್ಥಿರವಾಗಿರುವವರಿಗೆ ಇದು ಸರಿಹೊಂದುವುದಿಲ್ಲ. ಬೆನ್ನುಹುರಿಯ ಮುಂದಿನ ಪಟ್ಟಿ ಮೂಳೆಯಾಗಿ ಗಟ್ಟಿಯಾಗುವ ಕಾಯಿಲೆ ಇದ್ದವರಿಗೂ ಬೇಡ ಎನ್ನುತ್ತಾರೆ. ಖರ್ಚೂ ಹೆಚ್ಚು. "ನನಗೆ ಕೃತಕ ಡಿಸ್ಕ್ ಹೊಂದುತ್ತದೆಯೇ, ಇಲ್ಲವಾದರೆ ಏಕೆ?" ಎಂದು ಕೇಳುವ ಹಕ್ಕು ನಿಮಗಿದೆ.

ಪಕ್ಕದ ಡಿಸ್ಕ್ ಕಾಪಾಡಿಕೊಳ್ಳಲು ನೀವು ಮಾಡಬಹುದಾದ್ದು

• ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಬಿಡಿ.
• ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಲೋಕಲ್ ರೈಲು, ಮೆಟ್ರೋ ಪ್ರಯಾಣದುದ್ದಕ್ಕೂ ತಲೆ ಬಗ್ಗಿಸಿಕೊಂಡಿರಬೇಡಿ. ಲ್ಯಾಪ್‌ಟಾಪ್ ಕೆಳಗೆ ಪುಸ್ತಕಗಳನ್ನಿಟ್ಟು ಪರದೆ ಎತ್ತರಿಸಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.
• ಸಲೂನಿನಲ್ಲಿ ಕ್ಷೌರದ ನಂತರ ಕುತ್ತಿಗೆ ತಿರುಚಿ "ಲಟಕ್" ಎನಿಸುವುದಕ್ಕೆ ಬೇಡ ಎನ್ನಿ. ನಾಟಿ ಪದ್ಧತಿಯಲ್ಲಿ ಕುತ್ತಿಗೆ ಎಳೆಸುವುದೂ ಬೇಡ.
• ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳಲ್ಲಿ ಭಾರ ಕುತ್ತಿಗೆಯ ಮೇಲೆ ಬೀಳುತ್ತದೆ. ಇವನ್ನು ಬಿಡಿ. ಪ್ರಾಣಾಯಾಮ, ನಡಿಗೆ, ಫಿಸಿಯೋಥೆರಪಿಸ್ಟ್ ಕಲಿಸಿದ ಕುತ್ತಿಗೆ ಮತ್ತು ಭುಜದ ವ್ಯಾಯಾಮ ಮಾಡಬಹುದು.
• ತಲೆಯ ಮೇಲೆ ಕೊಡ, ಮೂಟೆ ಹೊರಬೇಡಿ. ದಿಂಬು ತೀರ ಎತ್ತರ ಬೇಡ.
• ನೋವಿನ ಭಯದಿಂದ ಕುತ್ತಿಗೆ ಅಲುಗಿಸದೇ ಇರಬೇಡಿ. ಮೂಳೆ ಬೆಸೆದಿದೆ ಎಂದು ವೈದ್ಯರು ಹೇಳಿದ ಮೇಲೆ ಸಹಜ ಚಲನೆ ಒಳ್ಳೆಯದು.

ಈ ಯಾವ ಎಚ್ಚರಿಕೆಯೂ ಸವೆತವನ್ನು ಪೂರ್ತಿ ತಡೆಯುತ್ತದೆ ಎಂದಲ್ಲ. ಅನಗತ್ಯ ಹೊರೆ ತಪ್ಪುತ್ತದೆ, ಸ್ನಾಯುಗಳ ಆಸರೆ ಉಳಿಯುತ್ತದೆ.

ಆರೈಕೆ ಮಾಡುವವರಿಗೆ

ಊರಿನಿಂದ ಬಂದು ಮುಂಬೈ, ಪುಣೆ, ದೆಹಲಿಯಲ್ಲಿ ಮಕ್ಕಳ ಜೊತೆ ಇರುವ ಹಿರಿಯರು ವೈದ್ಯರ ಬಳಿ ತಮ್ಮ ತೊಂದರೆಯನ್ನು ನೇರವಾಗಿ ಹೇಳಿಕೊಳ್ಳಲಾರರು. ಅವರು ಹೇಳುವ ಎಲ್ಲವನ್ನೂ ನೀವು "ನೋವಂತೆ" ಎಂದು ಒಂದೇ ಮಾತಿನಲ್ಲಿ ಅನುವಾದಿಸಿಬಿಟ್ಟರೆ ಮುಖ್ಯ ಸುಳಿವು ಕಳೆದುಹೋಗುತ್ತದೆ. ಅಮ್ಮ "ಕೈ ಜೋಮು ಹಿಡಿಯುತ್ತದೆ" ಎಂದರೆ ಅದು ಸ್ಪರ್ಶದ ತೊಂದರೆ. "ಕೈ ಸೋಲುತ್ತದೆ" ಎಂದರೆ ಬಲದ ತೊಂದರೆ ಇರಬಹುದು. "ಕಾಲು ಎಲ್ಲಿ ಇಟ್ಟೆ ಅಂತ ಗೊತ್ತಾಗಲ್ಲ" ಎಂದರೆ ಬೆನ್ನುಹುರಿಯ ಕಡೆ ಗಮನ ಹೋಗಬೇಕು. ಯಾವ ಬೆರಳು, ಯಾವ ಕೆಲಸದಲ್ಲಿ, ಎಂದಿನಿಂದ ಎಂಬುದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡು ಹೋಗಿ.

ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ವಿವರ, ಕೇಜ್ ಮತ್ತು ಪ್ಲೇಟ್‌ನ ಸ್ಟಿಕರ್, ಹಳೆಯ ಎಂಆರ್‌ಐ ಫಿಲ್ಮ್ ಅಥವಾ ಸಿಡಿ ಇವೆಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ, ಫೋನಿನಲ್ಲೂ ಚಿತ್ರ ತೆಗೆದಿಡಿ. ಬೇರೆ ಊರಿನ, ಬೇರೆ ವೈದ್ಯರ ಮುಂದೆ ಕೂತಾಗ ಹಳೆಯ ಸ್ಕ್ಯಾನ್ ಜೊತೆ ಹೋಲಿಸಿ ನೋಡುವುದರಿಂದಲೇ ಪಕ್ಕದ ಡಿಸ್ಕ್ ಬದಲಾಗಿದೆಯೇ ಎಂದು ಹೇಳಲು ಸಾಧ್ಯ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

• ನನ್ನ ಪಕ್ಕದ ಡಿಸ್ಕ್‌ಗಳು ಈಗಲೇ ಎಷ್ಟು ಸವೆದಿವೆ?
• ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡಿದರೆ ನರಕ್ಕೆ ಅಪಾಯವಿದೆಯೇ?
• ಬೆಸೆಯದೆ ಮಾಡುವ ವಿಧಾನ ನನಗೆ ಸಾಧ್ಯವೇ?
• ನನ್ನ ಲಕ್ಷಣ ಮತ್ತು ಸ್ಕ್ಯಾನ್ ಒಂದಕ್ಕೊಂದು ಹೊಂದುತ್ತವೆಯೇ?
• ಮೊದಲಿನ ಫ್ಯೂಷನ್ ಸರಿಯಾಗಿ ಬೆಸೆದಿದೆಯೇ?

ಪಕ್ಕದ ಡಿಸ್ಕ್ ಮುಂದೆಂದೋ ಸವೆಯಬಹುದು ಎಂಬ ಭಯದಿಂದ, ಇಂದು ಬೆನ್ನುಹುರಿ ಒತ್ತುತ್ತಿರುವಾಗ ಬೇಕಾದ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಬೆನ್ನುಹುರಿಗೆ ಆದ ಹಾನಿ ಪೂರ್ತಿ ಹಿಂದಿರುಗದಿರಬಹುದು. ಹಾಗೆಯೇ ಲಕ್ಷಣವೇ ಇಲ್ಲದ ಪಕ್ಕದ ಡಿಸ್ಕ್ ಸ್ಕ್ಯಾನ್‌ನಲ್ಲಿ ಕಪ್ಪಾಗಿ ಕಂಡಿದೆ ಎಂಬ ಒಂದೇ ಕಾರಣಕ್ಕೆ ಅದನ್ನೂ ಬೆಸೆಯಲು ಅವಸರಪಡಬೇಡಿ. ಅನುಮಾನವಿದ್ದರೆ ಇನ್ನೊಬ್ಬ ಬೆನ್ನೆಲುಬು ತಜ್ಞರ ಅಭಿಪ್ರಾಯ ಪಡೆಯಿರಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಚಿಕಿತ್ಸೆಯ ತೀರ್ಮಾನವನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೊಂದಿಗೆ ಮಾತನಾಡಿಯೇ ತೆಗೆದುಕೊಳ್ಳಿ.